ತಪಾಸಣೆ ಮಾಡುವವರ ರಜೆ ಚೀಟಿ

ಕೇಳುಗರಿಗೆಲ್ಲ ನಮಸ್ಕಾರ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಲೇ ರೇಡಿಯೋ ಹಚ್ಚಿಕೊಂಡವರಿಗೂ ನಮಸ್ಕಾರ. ನೀವು ಕೈಕೆಲಸ ನಿಲ್ಲಿಸಬೇಕಾಗಿಲ್ಲ, ಕಿವಿ ಕೊಟ್ಟರೆ ಸಾಕು.

ಸಾಗರ, ಸೊರಬದ ಕಡೆ ಹೋದಾಗ ನಾನು ಸಿವಿಲ್ ಎಂಜಿನಿಯರ್ ಅಂತ ಗೊತ್ತಾದ ಕೂಡಲೇ ಯಾರಾದರೂ ಕೇಳುತ್ತಾರೆ: "ಸಾರ್, ಕೈಗಾದಲ್ಲಿ ಏನಾದ್ರೂ ಆದ್ರೆ ನಮ್ಮಲ್ಲಿಗೂ ಬರುತ್ತಾ?" ಸಾಗರದಿಂದ ಕೈಗಾದ ಅಣುಸ್ಥಾವರಕ್ಕೆ ನೇರ ಗೆರೆ ಎಳೆದರೆ ಸುಮಾರು 100 ಕಿಲೋಮೀಟರ್. ಗಾಳಿ ಯಾವ ಕಡೆ ಬೀಸುತ್ತದೆ ಅನ್ನೋದನ್ನು ಹವಾಮಾನದವರು ಹೇಳಲಿ. ನಾನು ಕಾಂಕ್ರೀಟಿನವನು. ನನ್ನ ಮಾತು ಇಷ್ಟೇ: ಸ್ಥಾವರ ಓಡಲು ಶುರುವಾದ ಮೇಲೆ ಹೆದರಿ ಪ್ರಯೋಜನವಿಲ್ಲ. ಕಟ್ಟುವಾಗಲೇ ಕೇಳಬೇಕು. ಅದೂ ಒಂದೇ ಪ್ರಶ್ನೆ. ಇಲ್ಲಿ ತಪಾಸಣೆ ಮಾಡುವವರ ರಜೆ ಚೀಟಿಗೆ ಸಹಿ ಹಾಕುವವರು ಯಾರು?

ನಗಬೇಡಿ. ಹೇಳುತ್ತೇನೆ.

1994ರ ಮೇ 13. ಕೈಗಾದ ಒಂದನೇ ಯೂನಿಟ್ಟಿನ ಕೆಲಸ ನಡೆಯುತ್ತಿತ್ತು. ರಿಯಾಕ್ಟರಿನ ಮೇಲೆ ಎರಡು ಗುಮ್ಮಟ ಇರುತ್ತವೆ, ಒಳಗೊಂದು, ಹೊರಗೊಂದು. ಒಳಗಿನ ಗುಮ್ಮಟದ ತಳಭಾಗದ ಪದರ ಕಳಚಿ ಕೆಳಗೆ ಬಿತ್ತು. ಹತ್ತಿರ ಹತ್ತಿರ 130 ಟನ್ ಕಾಂಕ್ರೀಟ್. 14 ಕೆಲಸಗಾರರಿಗೆ ಗಾಯವಾಯಿತು. ಯಾರೂ ಸಾಯಲಿಲ್ಲ, ಪುಣ್ಯ. ಯುರೇನಿಯಂ ಇನ್ನೂ ಒಳಗೆ ಬಂದಿರಲಿಲ್ಲ, ಅದು ಇನ್ನೊಂದು ಪುಣ್ಯ.

ಯಾಕೆ ಬಿತ್ತು? ಆ ಗುಮ್ಮಟದ ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್ ಹಾಕಿ, ಜಾಕ್ ಹಚ್ಚಿ ಬಿಗಿಯಾಗಿ ಎಳೆಯುತ್ತಾರೆ. ಬಾಗಿದ ಕೇಬಲ್ಲನ್ನು ಎಳೆದರೆ ಅದು ನೆಟ್ಟಗಾಗಲು ನೋಡುತ್ತದೆ, ಅಲ್ವಾ? ನೆಟ್ಟಗಾಗಲು ಹೋಗಿ ತನ್ನ ಕೆಳಗಿನ ಕಾಂಕ್ರೀಟನ್ನು ಒಳಮುಖವಾಗಿ ಒತ್ತುತ್ತದೆ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಗಂಟು ಹಾಕುವ ಅಡ್ಡ ಕಂಬಿ ಸಾಕಷ್ಟು ಇರಬೇಕು. ಅಲ್ಲಿ ಸಾಲದಾಗಿತ್ತು. ಹಳೇ ಗೋಡೆಯ ಗಾರೆ ಹಕ್ಕಳೆ ಎದ್ದು ಬೀಳುತ್ತದಲ್ಲ, ಹಾಗೆ ಬಿತ್ತು. ಸಿಮೆಂಟು ಕದ್ದರು, ಮರಳು ಕೆಟ್ಟದಿತ್ತು ಅಂತ ಜನ ಮಾತಾಡಿಕೊಳ್ಳುತ್ತಾರೆ. ಮುಖ್ಯ ತಪ್ಪು ಇದ್ದದ್ದು ನಕ್ಷೆಯಲ್ಲಿ. ಆ ನಕ್ಷೆ ಎಷ್ಟೋ ಮೇಜು ದಾಟಿ ಬಂದಿತ್ತು. ಯಾವ ಮೇಜಿನಲ್ಲೂ ಆ ತಪ್ಪು ಸಿಕ್ಕಿಬೀಳಲಿಲ್ಲ.

ಈಗ ರಜೆ ಚೀಟಿಯ ವಿಷಯ. ನಾನು ಕೆಲಸಕ್ಕೆ ಸೇರಿದ ಹೊಸತು. ಹೊಸನಗರ ತಾಲ್ಲೂಕಿನಲ್ಲಿ ಒಂದು ಹಳ್ಳಕ್ಕೆ ಸೇತುವೆ. ಮೇ ಕೊನೆ, ಮೋಡ ಕಟ್ಟಿದೆ, ಸೆಂಟ್ರಿಂಗ್ ಮುಗಿದಿದೆ. ಮಳೆ ಹಿಡಿಯುವುದರೊಳಗೆ ಸ್ಲ್ಯಾಬ್ ಹಾಕಿಬಿಡಬೇಕು ಅಂತ ಎಲ್ಲರಿಗೂ ಅವಸರ. ಅವತ್ತು ಗುಣ ನಿಯಂತ್ರಣ ವಿಭಾಗದಿಂದ ಒಬ್ಬರು ಬಂದರು. ಸಣಕಲು ಮನುಷ್ಯ, ಬಾಯಲ್ಲಿ ಎಲೆಅಡಿಕೆ, ಕಂಕುಳಲ್ಲಿ ಕೊಡೆ, ಗೋಣಿಚೀಲದಲ್ಲಿ ಒಂದು ತಗಡಿನ ಕೋನ್. 30 ಸೆಂಟಿಮೀಟರ್ ಎತ್ತರದ್ದು.

ಮಿಕ್ಸರಿನಿಂದ ಬಂದ ಕಾಂಕ್ರೀಟನ್ನು ಅದರಲ್ಲಿ ಪದರ ಪದರವಾಗಿ ತುಂಬಿದರು. ಒಂದೊಂದು ಪದರಕ್ಕೂ ಕಂಬಿಯಿಂದ 25 ಸಲ ಕುಟ್ಟಿದರು, ಬಾಯಲ್ಲಿ ಎಣಿಸುತ್ತಾ. ಆಮೇಲೆ ಕೋನನ್ನು ಮೆಲ್ಲಗೆ ಮೇಲಕ್ಕೆ ಎತ್ತಿದರು. ಒಳ್ಳೇ ಕಾಂಕ್ರೀಟ್ ಸ್ವಲ್ಪ ಕುಸಿದು ನಿಲ್ಲಬೇಕು. ಇದು ಸೀದಾ ಹರಡಿಕೊಂಡು ಮಲಗಿತು. ಸುರಿಯಲು ಸಲೀಸಾಗಲಿ ಅಂತ ಯಾರೋ ನೀರು ಜಾಸ್ತಿ ಹಾಕಿದ್ದರು. "ಇದು ಸೇತುವೆಗೆ ಹೋಗಲ್ಲ. ಆ ಕಡೆ ಸುರೀರಿ" ಅಂದರು.

ಕಂಟ್ರಾಕ್ಟರು ಕೂಗಾಡಿದ. ಅಷ್ಟರಲ್ಲಿ ಜೀಪಿನಲ್ಲಿ ನಮ್ಮ ಸಾಹೇಬರೂ ಬಂದರು. "ಹೋಗ್ಲಿ ಬಿಡಿ ಮಾರಾಯ್ರೆ, ಮೋಡ ನೋಡಿ ಹೇಗಿದೆ" ಅಂದರು. ಆ ಮನುಷ್ಯ ಎಲೆಅಡಿಕೆ ಉಗಿದು ಬಂದು, ಸಮಾಧಾನದಲ್ಲಿ ಹೇಳಿದರು: "ಸ್ವಾಮಿ, ತಾವು ದೊಡ್ಡೋರು. ಆದ್ರೆ ನನಗೆ ರಜೆ ಬೇಕಾದ್ರೆ ನಾನು ಶಿವಮೊಗ್ಗಕ್ಕೆ ಬರೀತೀನಿ, ತಮಗಲ್ಲ." ಪುಸ್ತಕ ತೆಗೆದು ಅಳತೆ ಬರೆದರು. ಸಾಹೇಬರ ಕೈಲೇ ಸಹಿ ಹಾಕಿಸಿಕೊಂಡರು! ಕಾಂಕ್ರೀಟ್ ರಸ್ತೆ ಬದಿಗೆ ಹೋಯಿತು.

ಅಷ್ಟಕ್ಕೇ ಬಿಡಲಿಲ್ಲ. ಆ ಬಿಸಾಡಿದ ಕಾಂಕ್ರೀಟಿನಿಂದಲೇ 15 ಸೆಂಟಿಮೀಟರಿನ ಕ್ಯೂಬುಗಳನ್ನು ಮಾಡಿಸಿದರು. ನೀರಲ್ಲಿ ಇಟ್ಟು, 28 ದಿನ ಆದ ಮೇಲೆ ಲ್ಯಾಬಿನ ಮೆಶಿನ್ನಿಗೆ ಕೊಟ್ಟು ಒಡೆಸಿದರು. ಬೇಕಾದ ಶಕ್ತಿ ಇರಲಿಲ್ಲ. ಆ ಕಾಗದವನ್ನೂ ಸಾಹೇಬರ ಮೇಜಿಗೆ ಕಳಿಸಿದರು. ನನಗೆ ಕಾಲೇಜು ಕಲಿಸಿದ್ದಕ್ಕಿಂತ ಜಾಸ್ತಿ ಆ ಮನುಷ್ಯ ಕಲಿಸಿದರು. ಅವರು ಧೈರ್ಯಸ್ಥರು, ನಿಜ. ಆದರೆ ಧೈರ್ಯ ಬಂದದ್ದು ಎಲ್ಲಿಂದ? ರಜೆ ಚೀಟಿ ಬೇರೆ ಕಡೆ ಹೋಗುತ್ತಿತ್ತು, ಅಲ್ಲಿಂದ.

ಕೈಗಾಕ್ಕೆ ವಾಪಸ್ ಬರೋಣ. ಅಣುಸ್ಥಾವರಗಳ ಮೇಲೆ ಕಣ್ಣಿಡಲು 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಅಂತ ಮಾಡಿದರು. ಗುಮ್ಮಟ ಬಿದ್ದಾಗ ಅದರ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ಸ್ಥಾವರ ಕಟ್ಟುವ ನಿಗಮ ಅಣುಶಕ್ತಿ ಇಲಾಖೆಯ ಕೆಳಗೆ. ತಪಾಸಣೆ ಮಾಡುವ ಮಂಡಳಿ ವರದಿ ಒಪ್ಪಿಸುತ್ತಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರು ಯಾರು? ಅದೇ ಇಲಾಖೆಯ ಕಾರ್ಯದರ್ಶಿ! ಮಂಡಳಿಗೆ ಸ್ವಾತಂತ್ರ್ಯವಿಲ್ಲ ಅಂತ ಗೋಪಾಲಕೃಷ್ಣನ್ ಮುಂದೆ ಬಹಿರಂಗವಾಗಿಯೇ ಬರೆದರು. 2012ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯೂ ಇದನ್ನೇ ಎತ್ತಿ ತೋರಿಸಿತು. ನಾನು ಹಳ್ಳಿ ಭಾಷೆಯಲ್ಲಿ ರಜೆ ಚೀಟಿ ಅನ್ನುತ್ತೇನೆ, ಅವರು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದರು.

ನಮ್ಮವರಿಗೆ ಕಟ್ಟಲು ಬರಲ್ಲ ಅಂತ ನಾನು ಹೇಳುತ್ತಿಲ್ಲ. ಗುಮ್ಮಟದ ನಕ್ಷೆ ಬದಲಿಸಿ ಮತ್ತೆ ಕಟ್ಟಿದರು. ಅದೇ ಒಂದನೇ ಯೂನಿಟ್ 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಚಪ್ಪಾಳೆ ಹೊಡೆಯೋಣ. ಚಪ್ಪಾಳೆ ಹೊಡೆದು ಪ್ರಶ್ನೆಯನ್ನೂ ಕೇಳೋಣ.

ಹೊರದೇಶದ ಕಥೆ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಫ್ಲಾರಿಡಾದ ಕ್ರಿಸ್ಟಲ್ ರಿವರ್ ಸ್ಥಾವರದಲ್ಲಿ 2009ರಲ್ಲಿ ಗೋಡೆ ಕೊರೆಯುವಾಗ ಹೀಗೇ ಪದರ ಬಿಟ್ಟುಕೊಂಡಿತು. ರಿಪೇರಿ ಕೈಗೂಡದೆ 2013ರಲ್ಲಿ ಸ್ಥಾವರವನ್ನೇ ಮುಚ್ಚುವ ತೀರ್ಮಾನ ಮಾಡಿದರು. ದಕ್ಷಿಣ ಕೊರಿಯಾದಲ್ಲಿ ವಿದ್ಯುತ್ತಿನ ಕಂಟ್ರೋಲ್ ಕೇಬಲ್ಲುಗಳಿಗೆ ಸುಳ್ಳು ಪರೀಕ್ಷಾ ಪತ್ರ ಕೊಟ್ಟದ್ದು 2013ರಲ್ಲಿ ಬಯಲಾಗಿ, ಓಡುತ್ತಿದ್ದ ರಿಯಾಕ್ಟರುಗಳನ್ನು ನಿಲ್ಲಿಸಬೇಕಾಯಿತು. ಪರೀಕ್ಷೆ ಮಾಡುವವರೂ ಮಾರುವವರೂ ಒಂದಾದರೆ ಇನ್ನೇನಾಗುತ್ತದೆ?

ಈಗ ಕೈಗಾದಲ್ಲಿ 5 ಮತ್ತು 6ನೇ ಯೂನಿಟ್ ಬರುತ್ತಿವೆ. ಹಳೆಯ ನಾಲ್ಕು 220 ಮೆಗಾವಾಟಿನವು, ಇವು ತಲಾ 700. ಅವುಗಳ ಬಗ್ಗೆ 2018ರ ಡಿಸೆಂಬರಿನಲ್ಲಿ ಸಾರ್ವಜನಿಕ ಅಹವಾಲು ನಡೆಯಿತು. ಕಾಡಿನ ಬಗ್ಗೆ, ಕಾಯಿಲೆಯ ಬಗ್ಗೆ ಜನ ಕೇಳಿದರು. ಕೇಳಬೇಕಾದ್ದೇ. ಕ್ಯೂಬಿನ ಬಗ್ಗೆಯೂ ಕೇಳಿ ಸ್ವಾಮಿ! 28 ದಿನದ ಫಲಿತಾಂಶ ಎಲ್ಲಿ ಸಿಗುತ್ತದೆ? ಕೆಲಸ ನಿಲ್ಲಿಸಿ ಅನ್ನುವ ಅಧಿಕಾರ ಯಾರಿಗಿದೆ? ಅವರ ರಜೆ ಚೀಟಿ ಯಾರಿಗೆ ಹೋಗುತ್ತದೆ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲು ಶಿವಮೊಗ್ಗದವರಾದರೇನು, ಕಾರವಾರದವರಾದರೇನು? ಇನ್ನು ಯಾವುದೇ ಯೋಜನೆಯ ಅಹವಾಲು ನಿಮ್ಮೂರ ಹತ್ತಿರ ನಡೆದರೆ, ಸಭೆ ಮುಗಿಯುವ ಮುಂಚೆ ಅಲ್ಲಿ ಆದ ಮಾತಿನ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಬೇಕು ಅಂತ ನಿಯಮವೇ ಇದೆ. ಊಟದ ಹೊತ್ತಾಯಿತು ಅಂತ ಎದ್ದು ಬರಬೇಡಿ. ನೀವು ಕೇಳಿದ ಪ್ರಶ್ನೆ ಅದರಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಬರೆಸಿಯೇ ಬನ್ನಿ. ನಮಸ್ಕಾರ.