ಕಾರವಾರದ ಹಳೆಯ ಪೇಟೆ ಎಲ್ಲಿತ್ತು?

[ದೃಶ್ಯ: ಕಾಳಿ ನದಿಯ ಅಳಿವೆ, ಬಲಕ್ಕೆ ಸದಾಶಿವಗಡದ ಗುಡ್ಡ]

ನಮಸ್ಕಾರ ವೀಕ್ಷಕರೇ. 17ನೆಯ ಶತಮಾನದ ಇಂಗ್ಲಿಷ್ ವರ್ತಕರ ಕಾಗದಪತ್ರಗಳಲ್ಲಿ ಕಾರವಾರದ ಹೆಸರು ಮತ್ತೆ ಮತ್ತೆ ಬರುತ್ತದೆ. ಹಾಗಿದ್ದರೂ ಇಂದಿನ ಪೇಟೆಯಲ್ಲಿ ಹಳೆಯದೆಂದು ನಾವು ಬೆರಳು ಮಾಡುವ ಕಚೇರಿ, ಬಂಗಲೆಗಳೆಲ್ಲ ಬ್ರಿಟಿಷ್ ಆಡಳಿತದ ಕಾಲದವೇ ಏಕೆ ಎಂದು ನಮ್ಮ ವೀಕ್ಷಕರೊಬ್ಬರು ಕೇಳಿದ್ದಾರೆ. ಬಹಳ ಒಳ್ಳೆಯ ಪ್ರಶ್ನೆ. ಆ ಕಾಲದ ಕಾರವಾರ ಈ ಜಾಗದಲ್ಲಿ ಇರಲೇ ಇಲ್ಲ ಎಂಬುದೇ ಅದಕ್ಕೆ ಉತ್ತರ. ಅದು ಇಲ್ಲಿಂದ ಸುಮಾರು 5 ಕಿಲೋಮೀಟರ್ ಪೂರ್ವಕ್ಕೆ, ಕಾಳಿ ನದಿಯ ದಂಡೆಯ ಮೇಲೆ, ಇಂದು ನಾವು ಕಡವಾಡ ಎಂದು ಕರೆಯುವ ಊರಿನಲ್ಲಿತ್ತು.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಘಟ್ಟದ ಮೇಲಿನ, ಶಿರಸಿ ಬಳಿಯ ಸೋದೆ ಸೀಮೆಯ ಕಾಳುಮೆಣಸಿನ ಖ್ಯಾತಿಯನ್ನು ಕೇಳಿ, ಸರ್ ವಿಲಿಯಂ ಕೋರ್ಟೀನ್ ಎಂಬ ಇಂಗ್ಲಿಷ್ ವರ್ತಕನ ಕಂಪನಿ 1638ರಲ್ಲಿ ಇಲ್ಲಿ ಕೋಠಿಯನ್ನು ತೆರೆಯಿತು. ಕೋಠಿಯಲ್ಲಿ ಏನನ್ನೂ ತಯಾರಿಸುತ್ತಿರಲಿಲ್ಲ; ಸರಕನ್ನು ಕೊಳ್ಳುವುದು, ಕೂಡಿಡುವುದು, ಹಡಗಿಗೆ ತುಂಬುವುದು, ಇಷ್ಟೇ ಅದರ ಕೆಲಸ. ಮೆಣಸು, ಏಲಕ್ಕಿಗಳ ಜೊತೆಗೆ ನೀಲಿ ಬಣ್ಣದ ದಪ್ಪ ಬಟ್ಟೆಯೂ ನವಿರಾದ ಮಲ್ಲು ಬಟ್ಟೆಯೂ ಇಲ್ಲಿಂದ ಹೊರಡುತ್ತಿದ್ದವು. ಆ ಬಟ್ಟೆ ನೇಯುತ್ತಿದ್ದುದು ಘಟ್ಟದ ಮೇಲೆ, ಹುಬ್ಬಳ್ಳಿಯ ಸುತ್ತಮುತ್ತ. ಅಲ್ಲಿ ಈ ವ್ಯಾಪಾರಕ್ಕಾಗಿ 50,000 ನೇಕಾರರು ದುಡಿಯುತ್ತಿದ್ದರೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ. ಕಾರವಾರದ ಇತಿಹಾಸವನ್ನು ಕಾರವಾರದೊಳಗೇ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ ಎಂದು ನಾನು ನಂಬಿರುವುದು ಇದೇ ಕಾರಣಕ್ಕೆ.

[ದೃಶ್ಯ: ಚಿರೆಕಲ್ಲಿನ ಕ್ವಾರಿ, ಗಿಲಾವು ಇಲ್ಲದ ಹಳೆಯ ಗೋಡೆ, ಹತ್ತಿರದಿಂದ]

ಈಗ ನನಗೆ ಅತ್ಯಂತ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿಯೇ ಸಾಗೋಣ. ಮಳೆಗಾಲದ ನಾಲ್ಕು ತಿಂಗಳು ಈ ಕರಾವಳಿಗೆ ಹಾಯಿಹಡಗುಗಳು ಬರುತ್ತಿರಲಿಲ್ಲ. ಅಷ್ಟು ದಿನ ಮೆಣಸಿಗೆ ಬೂಷ್ಟು ಹಿಡಿಯದಂತೆ, ಬಿಳಿಯ ಬಟ್ಟೆಗೆ ಕಲೆ ಬೀಳದಂತೆ ಕಾಯಬೇಕಾಗಿತ್ತು. ಹಾಗಾಗಿ ಇಲ್ಲಿ ವ್ಯಾಪಾರ ಮಾಡುವವರೆಲ್ಲರೂ ಮೊದಲು ಗೋಡೆಯ ಬಗ್ಗೆ ಯೋಚಿಸಲೇಬೇಕಾಗಿತ್ತು, ಮತ್ತು ಗೋಡೆಗೆ ಈ ನೆಲ ಕೊಡುವ ವಸ್ತು ಚಿರೆಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ನೆಲದೊಳಗಿರುವಾಗ ಅದು ಮೆತ್ತಗಿರುತ್ತದೆ, ಕೊಡಲಿಯಂಥ ಹತಾರದಿಂದಲೇ ಕಡಿದು ತೆಗೆಯಬಹುದು. ಹೊರಗೆ ಬಂದು ಗಾಳಿ, ಬಿಸಿಲು ಕಂಡಂತೆಲ್ಲ ಗಟ್ಟಿಯಾಗುತ್ತ ಹೋಗುತ್ತದೆ. ಗಿಲಾವು ಇಲ್ಲದ ಹಳೆಯ ಗೋಡೆಯ ಹತ್ತಿರ ನಿಂತು ನೋಡಿದರೆ ಕಲ್ಲಿನ ಮೈಮೇಲೆ ಓರೆಯಾಗಿ ಸಾಗಿದ ಏಟಿನ ಗುರುತುಗಳು ಕಾಣಿಸುತ್ತವೆ. ಕಲ್ಲು ಎಳೆಯದಾಗಿದ್ದಾಗ ಬಿದ್ದ ಆ ಏಟುಗಳು ಈಗ ಉಗುರಿನಿಂದ ಕೆರೆದರೂ ಅಳಿಸುವುದಿಲ್ಲ.

ಆದರೆ ಚಿರೆಕಲ್ಲಿನ ಮೈತುಂಬ ರಂಧ್ರಗಳು. ಸಮುದ್ರದ ಕಡೆಯಿಂದ ಬೀಸಿ ಬರುವ ಮಳೆಯನ್ನು ಅದು ಕುಡಿಯುತ್ತದೆ. ಅದಕ್ಕೆ ಪರಿಹಾರವನ್ನು ಕೊಟ್ಟದ್ದು ಇದೇ ನದಿ. ಅಳಿವೆಯಲ್ಲಿ ಸಿಗುವ ಚಿಪ್ಪುಗಳನ್ನು ಭಟ್ಟಿಯಲ್ಲಿ ಇದ್ದಿಲಿನೊಂದಿಗೆ ಪದರ ಪದರವಾಗಿ ಹರಡಿ ಸುಟ್ಟು, ನೀರು ಚಿಮುಕಿಸಿದರೆ, ಚಿಪ್ಪು ಸಿಡಿದು ಅರಳಿ ಬೆಳ್ಳಗಿನ ಹುಡಿಯಾಗುತ್ತದೆ. ಆ ಸುಣ್ಣಕ್ಕೆ ಮರಳು ಸೇರಿಸಿ, ಬೆಲ್ಲದ ನೀರು ಹಾಕಿ ಕುಟ್ಟಿ ಗಾರೆ ಮಾಡುತ್ತಿದ್ದರು. ಗಾರೆಗೆ ಹಣವಿಲ್ಲದವರು ತೆಂಗಿನ ಮಡಲಿನ ತಟ್ಟಿ ಹೆಣೆದು ಪಡುವಣ ಗೋಡೆಗೆ ಮರೆ ಕಟ್ಟುತ್ತಿದ್ದರು. ಈ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಕಲ್ಲು ಕಡಿಯುವವರು, ಚಿಪ್ಪು ಆಯುವವರು, ಸುಣ್ಣ ಸುಡುವವರು, ನಾಡಹೆಂಚು ಮಾಡುವ ಕುಂಬಾರರು, ಮರಗೆಲಸದ ಆಚಾರಿಗಳು, ಇವರೆಲ್ಲರೂ ಸೇರಿ ಕಟ್ಟಿದ ಊರನ್ನು ಕೇವಲ ಮೆಣಸಿನ ಬಂದರು ಎಂದು ಕರೆದು ಮುಂದೆ ಸಾಗುವುದು ನನಗೆ ಸರಿಯೆನಿಸುವುದಿಲ್ಲ.

[ದೃಶ್ಯ: ನಕ್ಷೆಯಲ್ಲಿ ಕಡವಾಡ, ಸುಂಕೇರಿ, ಸದಾಶಿವಗಡ]

ಹಾಗಾದರೆ ಆ ಊರು ಹಾಳಾದದ್ದು ಹೇಗೆ? 1665ರಲ್ಲಿ ಶಿವಾಜಿ ಈ ಕೋಠಿಯಿಂದ ಕಪ್ಪ ವಸೂಲು ಮಾಡಿದ. 1674ರಲ್ಲಿ ಪೇಟೆಗೆ ಬೆಂಕಿ ಬಿತ್ತು, ಕೋಠಿ ಮಾತ್ರ ಉಳಿಯಿತು. 1679ರಲ್ಲಿ ಸ್ಥಳೀಯ ನಾಯಕರ ಕಾಟ ತಾಳಲಾರದೆ ಇಂಗ್ಲಿಷರು ಬಾಗಿಲು ಮುಚ್ಚಿ, 1682ರಲ್ಲಿ ಮತ್ತೆ ತೆರೆದರು. ಇವೆಲ್ಲಕ್ಕಿಂತ ಹೆಚ್ಚಿನ ಪೆಟ್ಟು ಬಿದ್ದದ್ದು 1715ರಲ್ಲಿ ಎಂಬುದು ನನ್ನ ಅಭಿಪ್ರಾಯ. ಆ ವರ್ಷ ಸೋದೆಯ ಅರಸರು ಕಾರವಾರದ ಹಳೆಯ ಕೋಟೆಯನ್ನು ಕೆಡವಿಸಿ, ನದಿ ಕಡಲು ಸೇರುವಲ್ಲಿಯೇ, ಉತ್ತರ ದಂಡೆಯ ಗುಡ್ಡದ ಮೇಲೆ ಸದಾಶಿವಗಡವನ್ನು ಕಟ್ಟಿಸಿದರು. ಕಡವಾಡಕ್ಕೆ ಹೋಗುವ, ಅಲ್ಲಿಂದ ಬರುವ ಪ್ರತಿಯೊಂದು ದೋಣಿಯೂ ಆ ಗುಡ್ಡದ ಕಣ್ಣೆದುರಿನಲ್ಲೇ ಹಾದುಹೋಗಬೇಕು. ಮನೆ ನಮ್ಮದೇ ಆದರೂ ದಣಪೆಯಲ್ಲಿ, ಅಂದರೆ ಅಂಗಳದ ಬಾಗಿಲಲ್ಲಿ, ಬೇರೆಯವರು ಬಂದು ಕುಳಿತರೆ ಹೇಗೋ ಹಾಗಾಯಿತು ಕೋಠಿಯ ಸ್ಥಿತಿ. ಐದೇ ವರ್ಷಗಳಲ್ಲಿ, 1720ರಲ್ಲಿ, ಕೋಠಿ ಎತ್ತಂಗಡಿಯಾಯಿತು. 1750ರಲ್ಲಿ ಇಂಗ್ಲಿಷರು ಮರಳಿ ಬಂದರಾದರೂ, 1752ರಲ್ಲಿ ಪೋರ್ಚುಗೀಸರು ಸದಾಶಿವಗಡವನ್ನು ಹಿಡಿದ ಮೇಲೆ ಮತ್ತೆ ಹಿಂದೆ ಸರಿದರು. 1801ರ ಹೊತ್ತಿಗೆ ಹಳೆಯ ಕಾರವಾರ ಪಾಳುಬಿದ್ದಿತ್ತು.

[ದೃಶ್ಯ: ಬೈತಖೋಲ ಬಂದರು, ದೂರದಲ್ಲಿ ದೇವಗಡ ದ್ವೀಪದ ದೀಪಸ್ತಂಭ]

ಇಂದಿನ ಕಾರವಾರ ಹುಟ್ಟಿದ್ದು ಆಮೇಲೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, ಅಲ್ಲಿಯವರೆಗೆ ಮೀನುಗಾರರ ಹಳ್ಳಿಯಾಗಿದ್ದ ಕಡಲತೀರದಲ್ಲಿ ಜಿಲ್ಲಾ ಕೇಂದ್ರ ಎದ್ದು ನಿಂತಿತು. ಕಾಲವೂ ಹಾಗೆಯೇ ಕೂಡಿಬಂದಿತ್ತು: ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ, ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು. ಘಟ್ಟ ಇಳಿದು ಬರುವ ಹತ್ತಿಗೆ ನದಿಯೊಳಗಿನ ದೋಣಿಗಟ್ಟೆ ಸಾಲದು, ಹಡಗು ನಿಲ್ಲುವ ಕೊಲ್ಲಿಯೇ ಬೇಕು. ಹೀಗೆ ಪೇಟೆ ನದಿಯನ್ನು ಬಿಟ್ಟು ಕಡಲಿಗೆ ಮುಖ ಮಾಡಿತು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬಂದಿತು. ಕಡಲದಂಡೆಯಲ್ಲಿ ಗಾಳಿಮರದ ತೋಪು ಬೆಳೆಯಿತು. 1880ರ ದಶಕದ ಆರಂಭದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ರವೀಂದ್ರನಾಥ ಠಾಕೂರರು ಕಂಡದ್ದು ಆಗಷ್ಟೇ ಇಪ್ಪತ್ತು ವರ್ಷ ತುಂಬಿದ್ದ ಹೊಸ ಊರನ್ನು.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. 1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲುಮಾರ್ಗ ಕ್ಯಾಸಲ್‌ರಾಕ್ ಮೂಲಕ ಗೋವೆಯ ಮುರ್ಮಗೋವಾ ಬಂದರನ್ನು ತಲುಪಿದ್ದೇ ತಡ, ಹತ್ತಿಯೆಲ್ಲ ಆ ದಾರಿ ಹಿಡಿಯಿತು. ಕಾರವಾರದ ವ್ಯಾಪಾರ ಕುಸಿಯಿತು. ಮುಂಬಯಿ ಮಾರುಕಟ್ಟೆಯಲ್ಲಿ ಧಾರವಾಡದ ಹತ್ತಿಗೆ ತನ್ನ ಹೆಸರನ್ನೇ ಕೊಟ್ಟಿದ್ದ ಕುಮಟಾ ಬಂದರಿಗೂ ಅದೇ ಗತಿಯಾಯಿತು. ಕುಮಟಾದ ಕಥೆಗೆ ಪ್ರತ್ಯೇಕ ಸಂಚಿಕೆಯನ್ನೇ ಮಾಡುತ್ತೇನೆ.

ಕಡೆಯದಾಗಿ ಒಂದು ವಿನಂತಿ. ಕಡವಾಡ, ಸುಂಕೇರಿ, ಸದಾಶಿವಗಡದ ಕಡೆ ನಿಮ್ಮ ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟಿಸುವವರಿದ್ದರೆ, ಕೆಲಸ ಆರಂಭಿಸುವ ಮೊದಲು ಗೋಡೆ, ಅಡಿಪಾಯ, ಬಾವಿಕಟ್ಟೆಗಳ ಚಿತ್ರಗಳನ್ನು ತೆಗೆದು ನಮಗೆ ಕಳುಹಿಸಿಕೊಡಿ. ಕಲ್ಲಿನ ಮೇಲಿನ ಕೊಡಲಿ ಏಟು ಕಾಣುವಷ್ಟು ಹತ್ತಿರದಿಂದ ತೆಗೆಯಿರಿ.