ಉಪಗ್ರಹದ ಅಳತೆಗೆ ನೆಲದ ತಾಳೆ

ಕೇಳುಗರಿಗೆ ನಮಸ್ಕಾರ. ಕೊಡಗಿನ ಕಾಫಿ ತೋಟದವರಿಗೆ ಮಳೆ ಅಳೆಯುವ ಅಭ್ಯಾಸ ಹಳೆಯದು. ಬೆಳಿಗ್ಗೆ ಮಾಪಕದ ನೀರು ನೋಡಿ ಇಂಚು, ಸೆಂಟಿನ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುವಾಗಲೇ, ಗುಡ್ಡದಾಚೆಯ ತೋಟದಲ್ಲಿ ಬೇರೆಯೇ ಅಂಕಿ ಇರುತ್ತದೆಂದು ಅವರಿಗೆ ಗೊತ್ತಿರುತ್ತದೆ. ಗಾಳಿಯ ಮಾಲಿನ್ಯವನ್ನು ಆಕಾಶದಿಂದ ಅಳೆಯುವ ಉಪಗ್ರಹಗಳನ್ನು ಪರೀಕ್ಷಿಸುವವರಿಗೂ ಎದುರಾಗುವುದು ಇದೇ ತೊಡಕು.

ಉಪಗ್ರಹವು ನಾವು ಉಸಿರಾಡುವ ಗಾಳಿಯನ್ನು ಮುಟ್ಟುವುದೇ ಇಲ್ಲ. 1999ರಲ್ಲಿ ಹಾರಿದ ಟೆರ್ರಾ, 2002ರಲ್ಲಿ ಹಾರಿದ ಆಕ್ವಾ ಉಪಗ್ರಹಗಳ ಮೋಡಿಸ್ ಉಪಕರಣವು ನೆಲದಿಂದಲೂ ಗಾಳಿಯ ಕಣಗಳಿಂದಲೂ ಚದುರಿ ಮೇಲೇರಿದ ಬಿಸಿಲನ್ನು ನೋಡಿ, ವಾತಾವರಣದ ತುದಿಯವರೆಗಿನ ದೂಳು, ಹೊಗೆಗಳೆಲ್ಲ ಸೇರಿ ಎಷ್ಟು ಬೆಳಕನ್ನು ತಡೆದಿರಬಹುದೆಂದು ಲೆಕ್ಕ ಹಾಕುತ್ತದೆ. ಅದನ್ನು ತಾಳೆ ನೋಡಲು ಏರೋನೆಟ್ ಜಾಲದ ಮಾಪಕಗಳಿವೆ; ಅವು ನೆಲದಿಂದ ನೇರವಾಗಿ ಸೂರ್ಯನಿಗೆ ಮುಖಮಾಡಿ, ದಾರಿಯಲ್ಲಿ ಕಳೆದುಹೋದ ಬೆಳಕನ್ನು ಅಳೆಯುತ್ತವೆ. ಉಪಗ್ರಹ ಹಾದುಹೋಗುವ ಹೊತ್ತಿನ ಹಿಂದುಮುಂದಿನ ಅರ್ಧ ಗಂಟೆಯ ನೆಲದ ಅಳತೆಗಳನ್ನು, ಮಾಪಕದ ಸುತ್ತ ಸುಮಾರು 25 ಕಿಲೋಮೀಟರಿನ ಉಪಗ್ರಹದ ಸರಾಸರಿಯೊಂದಿಗೆ ಹೋಲಿಸುವುದು ರೂಢಿ. ಬೆಳಕು ಎಷ್ಟು ತಡೆಯಾಯಿತೆಂದು ಸೂಚಿಸುವ ಅಂಕಿ ನೆಲದ ಅಳತೆಯಲ್ಲಿ 0.40 ಬಂತೆಂದಿಟ್ಟುಕೊಳ್ಳಿ. ಮೋಡಿಸ್‌ನ ಒಂದು ಮುಖ್ಯ ವಿಧಾನಕ್ಕೆ ಒಪ್ಪಿರುವ ವ್ಯತ್ಯಾಸ 0.05, ಜೊತೆಗೆ ಅಳತೆಯ ಶೇಕಡಾ 15. ಅಂದರೆ ಉಪಗ್ರಹದ ಅಂಕಿ 0.29ರಿಂದ 0.51ರ ಒಳಗಿರಬೇಕು. ಮೂರು ಹೋಲಿಕೆಗಳಲ್ಲಿ ಎರಡಾದರೂ ಹೀಗೆ ಕೂಡಿಬಂದರೆ ಅಳತೆ ನಂಬಿಕೆಗೆ ಅರ್ಹ.

ಆದರೆ ಮಡಿಕೇರಿಯನ್ನು ನಡುವಿಟ್ಟು ಅಂಥ ವೃತ್ತ ಎಳೆದರೆ, ಜಡಿಮಳೆಯ ಭಾಗಮಂಡಲವೂ ಬಯಲುಸೀಮೆಗೆ ತಾಗಿದ ಕುಶಾಲನಗರವೂ ಅದರೊಳಗೆ ಬೀಳುತ್ತವೆ. ಇವೆರಡರ ಗಾಳಿಯನ್ನು ಒಂದೇ ಸರಾಸರಿಗೆ ಸೇರಿಸುವುದು ನನಗಂತೂ ಸರಿಕಾಣದು. ಇಂಥ ಕಡೆ ವೃತ್ತವನ್ನು ಕಿರಿದಾಗಿಸಲೇಬೇಕು. ಮಳೆಗಾಲದ ಕಕ್ಕಡ ತಿಂಗಳ ಮೋಡದಡಿಯಲ್ಲಂತೂ ಹೋಲಿಸಲು ಅಳತೆಯೇ ಸಿಗದು. ಹೀಗಾಗಿ ಉಪಗ್ರಹ ಕೊಡುವ ವರ್ಷದ ಸರಾಸರಿ ಎಂಬುದು ನಮ್ಮಲ್ಲಿ ಬಿಸಿಲಿದ್ದ ದಿನಗಳ ಸರಾಸರಿಯಷ್ಟೆ.

ಹೊತ್ತಿನ ಮಾತೂ ಇದೆ. ಡಿಸೆಂಬರಿನ ಬೆಳಿಗ್ಗೆ ಕಣಿವೆಯಲ್ಲಿ ಮಂಜು ಕವಿದಿರುವಾಗ ಬಚ್ಚಲೊಲೆಯ ಹೊಗೆ ಮೇಲೇರಲಾರದೆ ಹೆಂಚಿನ ಮಟ್ಟದಲ್ಲೇ ಹಾಸಿಕೊಂಡಿರುತ್ತದೆ. 2017ರಲ್ಲಿ ಹಾರಿದ, ನೈಟ್ರೋಜನ್ ಡೈಆಕ್ಸೈಡ್ ಮೊದಲಾದ ಅನಿಲಗಳನ್ನು ಅಳೆಯುವ ಸೆಂಟಿನೆಲ್-5ಪಿ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಬರುವಾಗ, ಮಂಜು ಕರಗಿ, ಹೊಗೆ ಚದುರಿ, ಕಣದಲ್ಲಿ ಹರಡಿದ ಕಾಫಿ ಒಣಗುತ್ತಿರುತ್ತದೆ.

ಹಾಗೆಂದು ನೆಲದ ಮಾಪಕವೆಲ್ಲ ಸತ್ಯಹರಿಶ್ಚಂದ್ರನಲ್ಲ. ಬೆಳಕು ಚದುರುವುದನ್ನು ನೋಡಿ ದೂಳನ್ನು ಎಣಿಸುವ ಅಗ್ಗದ ಮಾಪಕಗಳು ಮಂಜಿನ ಹನಿಯನ್ನೂ ದೂಳೆಂದೇ ಎಣಿಸಿಬಿಡುತ್ತವೆ. ಗಾಳಿಯ ತೇವಾಂಶವನ್ನು ಪಕ್ಕದಲ್ಲೇ ಬರೆದಿಡದಿದ್ದರೆ ಅಂಥ ಮಾಪಕದ ಅಂಕಿ ನಮ್ಮ ಮಲೆನಾಡಿನಲ್ಲಿ ತಾಳೆಗೆ ಬರುವುದಿಲ್ಲ.