ಬಚ್ಚಲ ಒಲೆಯನ್ನು ಮಾಡೆಲ್ ಒಳಗೆ ತರುವುದು

ಎಲ್ಲರಿಗೂ ನಮಸ್ಕಾರ. ಈ ಮಾತನ್ನು ಚಿಕ್ಕಮಗಳೂರಿನಲ್ಲೇ ಆಡಬೇಕು ಅಂತ ನನಗೆ ತುಂಬಾ ದಿನದಿಂದ ಆಸೆ ಇತ್ತು. ನನ್ನ ಸಂಶೋಧನೆ ದಾರಿ ಬದಲಿಸಿದ್ದು ಇಲ್ಲೇ, ಮೂಡಿಗೆರೆ ಕಡೆಯ ಒಂದು ಮನೆಯ ಬಚ್ಚಲಲ್ಲಿ.

ನಾನು ಎನರ್ಜಿ ಮಾಡೆಲ್ ಮಾಡುವವಳು. ಅಂದರೆ, ಇನ್ನು ಹದಿನೈದು ಇಪ್ಪತ್ತು ವರ್ಷದಲ್ಲಿ ಕರ್ನಾಟಕಕ್ಕೆ ಎಷ್ಟು ಕರೆಂಟ್ ಬೇಕು, ಅದರಲ್ಲಿ ಪಾವಗಡದಂಥ ಸೋಲಾರ್ ಪಾರ್ಕ್‌ನಿಂದ ಎಷ್ಟು, ಗಾಳಿಯಿಂದ ಎಷ್ಟು, ಶರಾವತಿಯಿಂದ ಎಷ್ಟು, ರಾಯಚೂರಿನ ಕಲ್ಲಿದ್ದಲಿನಿಂದ ಎಷ್ಟು, ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಯಾವುದು ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು. ಇಂಥ ಲೆಕ್ಕಕ್ಕೆ ಬಳಸುವ ಒಸೆಮೋಸಿಸ್ (OSeMOSYS) ಅನ್ನುವ ಮಾಡೆಲ್ ಪೂರ್ತಿ ಉಚಿತ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಬಹುದು. ಇಂಥ ಮಾಡೆಲ್‌ಗಳ ಒಳಗೆ ಒಂದು ನಂಬಿಕೆ ಕೂತಿರುತ್ತದೆ. ಇಡೀ ರಾಜ್ಯಕ್ಕೆ ಒಬ್ಬನೇ ಯಜಮಾನ, ಅವನಿಗೆ ಮುಂದಿನದೆಲ್ಲಾ ಗೊತ್ತು, ಅವನು ಯಾವಾಗಲೂ ಅಗ್ಗದ್ದನ್ನೇ ಆರಿಸುತ್ತಾನೆ.

ನನ್ನ ಗೆಳತಿ ಮನಃಶಾಸ್ತ್ರ ಓದಿದವಳು. ಜನ ಯಾವುದನ್ನು ಯಾಕೆ ಮಾಡುತ್ತಾರೆ ಅನ್ನುವುದೇ ಅವಳ ಕೆಲಸ. ನಾವಿಬ್ಬರೂ ಒಂದು ಜುಲೈನಲ್ಲಿ ಫಾರ್ಮ್ ಹಿಡಿದು ಮನೆ ಮನೆ ಸುತ್ತಿದೆವು. ಮಳೆ ಅಂದರೆ ಮಳೆ. ಆ ಫಾರ್ಮ್ ತಯಾರು ಮಾಡಿದ್ದು ನಾನೇ. ಅದರಲ್ಲಿ ಒಂದು ಪ್ರಶ್ನೆ: ಸ್ನಾನದ ನೀರಿಗೆ ಯಾವ ಇಂಧನ ಬಳಸುತ್ತೀರಿ? ಕೆಳಗೆ ನಾಲ್ಕು ಚೌಕ, ಒಂದಕ್ಕೆ ಮಾತ್ರ ಟಿಕ್. ಆ ಮನೆಯ ಅಜ್ಜಿ ಫಾರ್ಮ್ ನೋಡಿ, "ನಾಲ್ಕೂ ಇದೆಯಲ್ಲಮ್ಮ, ಯಾವುದಕ್ಕೆ ಹಾಕಲಿ?" ಅಂದರು. ಮೇಲೆ ಸೋಲಾರ್, ಒಳಗೆ ಗೀಸರ್, ಅಡುಗೆ ಮನೆಯಲ್ಲಿ ಗ್ಯಾಸ್, ಬಚ್ಚಲಲ್ಲಿ ಹಂಡೆ. ನಾನು "ಜಾಸ್ತಿ ಯಾವುದು ಬಳಸ್ತೀರಿ?" ಅಂತ ಕೇಳಲು ಹೊರಟೆ. ಗೆಳತಿ ನನ್ನ ಕೈಯಿಂದ ಫಾರ್ಮ್ ತೆಗೆದು ಮಡಚಿಟ್ಟಳು. ಅವಳು ಕೇಳಿದ್ದು ಒಂದೇ: "ಅಜ್ಜಿ, ಇವತ್ತು ಬೆಳಗ್ಗೆ ಮೊದಲು ಸ್ನಾನ ಮಾಡಿದ್ದು ಯಾರು?"

ಅಲ್ಲಿಂದ ಒಂದೂವರೆ ಗಂಟೆ ಅಜ್ಜಿ ಮಾತಾಡಿದರು.

ಮೊದಲು ಸೊಸೆ. ಅವರು ಟೀಚರ್, ಏಳೂವರೆ ಬಸ್ಸು ಹಿಡಿಯಬೇಕು, ಒಲೆ ಹೊತ್ತಿಸಿಕೊಂಡು ಕೂರಲು ಆಗುವುದಿಲ್ಲ. ಆರೂವರೆಗೆ ಗೀಸರ್ ಹಾಕುತ್ತಾರೆ. ಆ ಗೀಸರ್ ತಂದು ಹಾಕಿಸಿದ್ದು ಬೆಂಗಳೂರಿನಲ್ಲಿರುವ ಚಿಕ್ಕ ಮಗ, ಬಿಲ್ ಕಟ್ಟುವುದು ಊರಿನಲ್ಲಿರುವ ದೊಡ್ಡ ಮಗ. ಸೋಲಾರ್ ನೀರು ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತದೆ, ಮಳೆಗಾಲದಲ್ಲಿ ಅದರ ಕಡೆ ಯಾರೂ ನೋಡುವುದಿಲ್ಲ. ಸಂಜೆ ತೋಟದಿಂದ ಬಂದವರಿಗೆಲ್ಲಾ ಹಂಡೆ ನೀರೇ ಬೇಕು. ಗೀಸರ್‌ನ ಹದಿನೈದು ಲೀಟರ್‌ನಲ್ಲಿ ಮೈಗೆ ಹತ್ತಿದ ಕೆಸರು ಹೋಗುವುದಿಲ್ಲ. ಸೌದೆಗೆ ದುಡ್ಡಿಲ್ಲ, ತೋಟದ ಮರಗಳ ಕೊಂಬೆ ಕಡಿದು ಮರಗಸಿ ಮಾಡಿದಾಗ ಬಿದ್ದಿದ್ದೇ ಕೊಟ್ಟಿಗೆ ತುಂಬ ಇರುತ್ತದೆ. ಒಲೆಯ ಮೇಲೆ ಒಂದು ಗಳ ಕಟ್ಟಿದ್ದರು. ಅದರ ಮೇಲೆ ಮೊಮ್ಮಗನ ಯೂನಿಫಾರ್ಮ್, ಎರಡು ಟವೆಲ್, ಒಂದು ಕಂಬಳಿ ಒಣಗುತ್ತಿತ್ತು. ಒಲೆ ಆರಿದರೆ ಯೂನಿಫಾರ್ಮ್ ಒಣಗುವುದಿಲ್ಲ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಆದರೆ ನನ್ನ ಮಾಡೆಲ್‌ನಲ್ಲಿ ಈ ಒಲೆಗೆ ಇದ್ದ ಹೆಸರು "ಕಡಿಮೆ ದಕ್ಷತೆಯ ಸಾಧನ". 2030ರ ಒಳಗೆ ಅದು ತನ್ನಷ್ಟಕ್ಕೆ ಮಾಯವಾಗುತ್ತದೆ ಅಂತ ನಾನು ಬರೆದಿದ್ದೆ. ಹೊಗೆ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಅಜ್ಜಿಯ ಕೆಮ್ಮು ನಾವೇ ಕೇಳಿದೆವು. ಆದರೆ ಬಟ್ಟೆ ಒಣಗಿಸುವ ಕೆಲಸಕ್ಕೆ ಬೇರೆ ದಾರಿ ಕೊಡದೆ ಆ ಒಲೆ ಹೋಗುವುದಿಲ್ಲ.

ಇದು ಮಾಡೆಲ್‌ಗೆ ಯಾಕೆ ಮುಖ್ಯ? ಒಂದು ಸಣ್ಣ ಲೆಕ್ಕ ನೋಡಿ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಓಡಿದರೆ 1 ಯೂನಿಟ್. ಹತ್ತು ಸಾವಿರ ಮನೆ ಅಂದರೆ ದಿನಕ್ಕೆ ಹತ್ತು ಸಾವಿರ ಯೂನಿಟ್. ಎಲ್ಲರೂ ಆರೂವರೆಗೇ ಸ್ವಿಚ್ ಹಾಕಿದರೆ ಲೈನಿನ ಮೇಲೆ ಬೀಳುವುದು 20 ಮೆಗಾವ್ಯಾಟ್. ಅದೇ ಮನೆಗಳು ಸರದಿಯಂತೆ ಎರಡು ಗಂಟೆಗೆ ಹಂಚಿಕೊಂಡರೆ 5 ಮೆಗಾವ್ಯಾಟ್. ವರ್ಷದ ಯೂನಿಟ್ ಲೆಕ್ಕದಲ್ಲಿ ಎರಡೂ ಒಂದೇ. ನಾನು ನೋಡುತ್ತಿದ್ದದ್ದು ವರ್ಷದ ಯೂನಿಟ್ ಮಾತ್ರ. ಜುಲೈ ತಿಂಗಳ ಆರೂವರೆಗೆ ಪ್ಯಾನೆಲ್‌ನಿಂದ ಹೆಚ್ಚುಕಡಿಮೆ ಏನೂ ಬರುವುದಿಲ್ಲ, ಆ 20 ಮೆಗಾವ್ಯಾಟ್‌ನ್ನು ನೀರೋ ಕಲ್ಲಿದ್ದಲೋ ಬ್ಯಾಟರಿಯೋ ಕೊಡಬೇಕು. ಅದನ್ನು ತೀರ್ಮಾನ ಮಾಡುವುದು ಆ ಸೊಸೆಯ ಬಸ್ಸಿನ ಟೈಮು.

ನಡವಳಿಕೆಯನ್ನು ಮಾಡೆಲ್‌ನವರು ಪೂರ್ತಿ ಬಿಟ್ಟಿದ್ದಾರೆ ಅಂತಲ್ಲ. ಸಾಮಾನ್ಯವಾಗಿ ಅದನ್ನು ಒಂದು ಸಂಖ್ಯೆಯೊಳಗೆ ತುರುಕುತ್ತೇವೆ. 1979ರಲ್ಲಿ ಜೆರ್ರಿ ಹೌಸ್‌ಮನ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞರು ಎಸಿ ಕೊಳ್ಳುವವರ ಲೆಕ್ಕ ತೆಗೆದರು. ಕರೆಂಟ್ ಕಡಿಮೆ ತಿನ್ನುವ ಎಸಿಗೆ ಇವತ್ತು ಸ್ವಲ್ಪ ಜಾಸ್ತಿ ಕೊಟ್ಟರೆ ಮುಂದೆ ಬಿಲ್ಲಿನಲ್ಲಿ ಉಳಿಯುತ್ತದೆ. ಆದರೆ ಜನ ಆ ಉಳಿತಾಯದ ಮೇಲೆ ವರ್ಷಕ್ಕೆ ಸುಮಾರು 20 ಪರ್ಸೆಂಟ್ ಬಡ್ಡಿ ಮುರಿದುಕೊಂಡು ನೋಡುತ್ತಿದ್ದರು, ಅಂದರೆ ಮುಂದಿನ ವರ್ಷ ಉಳಿಯುವ 120 ರೂಪಾಯಿ ಅವರಿಗೆ ಇವತ್ತಿನ 100 ರೂಪಾಯಿಗೆ ಸಮ. ಬಡವರಲ್ಲಿ ಆ ಬಡ್ಡಿ ಇನ್ನೂ ಜಾಸ್ತಿ. ಅಲ್ಲಿಂದ ಇಂಥದೊಂದು ಬಡ್ಡಿ ದರವನ್ನು ಮಾಡೆಲ್‌ಗೆ ಹಾಕಿ, "ಇದೇ ಜನರ ಸ್ವಭಾವ" ಅಂತ ಮುಂದೆ ಹೋಗುವುದು ರೂಢಿಯಾಗಿದೆ.

ನನ್ನ ಗೆಳತಿ ಆ ಸಂಖ್ಯೆ ನೋಡಿ ಕೇಳಿದಳು: ಇದು ಏನು? ಕೈಯಲ್ಲಿ ದುಡ್ಡಿಲ್ಲದ್ದಾ? ಅಂಗಡಿಯವನ ಮೇಲೆ ನಂಬಿಕೆ ಇಲ್ಲದ್ದಾ? ಬಾಡಿಗೆ ಮನೆ, ನಮಗ್ಯಾಕೆ ಅನ್ನುವುದಾ? ಗೊತ್ತೇ ಇಲ್ಲದ್ದಾ? ದುಡ್ಡಿಲ್ಲದಿದ್ದರೆ ಸಾಲ ಕೊಡಬೇಕು. ನಂಬಿಕೆ ಇಲ್ಲದಿದ್ದರೆ ಗ್ಯಾರಂಟಿ ಬೇಕು. ಬಾಡಿಗೆ ಮನೆಯಾದರೆ ಮಾಲೀಕನಿಗೆ ನಿಯಮ ಬೇಕು. ಮದ್ದು ಬೇರೆ ಬೇರೆ ಇರುವಾಗ ಕಾಯಿಲೆಗೆಲ್ಲಾ ಒಂದೇ ಹೆಸರು ಇಟ್ಟರೆ ಹೇಗೆ? ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿದಾಗ ನಮ್ಮ ಬೆಂಗಳೂರಿನ ಅಮೂಲ್ಯ ರೆಡ್ಡಿಯವರು 1991ರಲ್ಲೇ ಇದನ್ನು ಬಿಡಿಸಿ ಬರೆದದ್ದು ಸಿಕ್ಕಿತು. ಗೊತ್ತಿಲ್ಲದವರು, ಮೊದಲ ಖರ್ಚಿಗೆ ಹೆದರುವವರು, ತಲೆ ಕೆಡಿಸಿಕೊಳ್ಳದವರು, ದಾರಿ ಕಾಣದವರು ಅಂತ ಅವರು ಗ್ರಾಹಕರನ್ನು ಬೇರೆ ಬೇರೆ ಮಾಡಿ ನೋಡಿದ್ದರು.

ರೆಡ್ಡಿಯವರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಅಸ್ತ್ರ ಕೇಂದ್ರ ಶುರುಮಾಡಿದವರು ಅವರು. ಅಲ್ಲಿ ಮಾಡಿದ, ಕಡಿಮೆ ಸೌದೆ ತಿನ್ನುವ ಅಸ್ತ್ರ ಒಲೆ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇದ್ದಿರಬಹುದು. ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿಯಲ್ಲಿ ಅವರ ತಂಡ ಊರಿಗೆಲ್ಲಾ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿತು. ಉದ್ದೇಶ ಅಡುಗೆ. ಆದರೆ ಎಲ್ಲರ ಅಡುಗೆಗೆ ಸಾಕಾಗುವಷ್ಟು ಸಗಣಿ ಸಿಗಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. ಆಮೇಲೆ ಅದೇ ಗ್ಯಾಸ್‌ನಿಂದ ಎಂಜಿನ್ ಓಡಿಸಿ, ಕೊಳವೆ ಬಾವಿಯ ನೀರನ್ನು ನಲ್ಲಿಗೆ ತಂದರು, ಮನೆಗಳಿಗೆ ದೀಪ ಕೊಟ್ಟರು. ಆಗ ಘಟಕ ಊರಿನದಾಯಿತು. ಎಡವಿದ್ದನ್ನು ಮುಚ್ಚಿಡದೆ ಬರೆದರು. ಆ ಪ್ರಾಮಾಣಿಕತೆ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಹೊರಗಿನ ಅಧ್ಯಯನಗಳನ್ನು ಎತ್ತಿಕೊಂಡು ಬರುವಾಗ ಮಾತ್ರ ಹುಷಾರಾಗಿರಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ಮನೆಗಳಿಗೆ "ನಿಮ್ಮ ಅಕ್ಕಪಕ್ಕದವರು ಇಷ್ಟು ಕರೆಂಟ್ ಬಳಸುತ್ತಾರೆ" ಅಂತ ಚೀಟಿ ಕೊಟ್ಟು ನೋಡಿದರು. 2007ರಲ್ಲಿ ಬಂದ ಫಲಿತಾಂಶ ಇದು: ಜಾಸ್ತಿ ಬಳಸುತ್ತಿದ್ದವರು ಕಡಿಮೆ ಮಾಡಿದರು, ಕಡಿಮೆ ಬಳಸುತ್ತಿದ್ದವರು ಜಾಸ್ತಿ ಮಾಡಿದರು. ಕಡಿಮೆ ಬಳಸುವವರ ಚೀಟಿಯಲ್ಲಿ ಒಂದು ನಗುಮುಖ ಬರೆದ ಮೇಲೆ ಅವರ ಬಳಕೆ ಏರುವುದು ನಿಂತಿತು. ಚೆನ್ನಾಗಿದೆ. ಆದರೆ ನಮ್ಮಲ್ಲಿ 2023ರಿಂದ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಇದೆ. 2022-23ರ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಹೆಚ್ಚುವರಿ, ಒಟ್ಟು 200 ಯೂನಿಟ್ ಒಳಗೆ ಇದ್ದರೆ ಬಿಲ್ ಇಲ್ಲ. 200 ದಾಟಿದರೆ ಆ ತಿಂಗಳು ಪೂರ್ತಿ ಕಟ್ಟಬೇಕು. ಇಲ್ಲಿ ಜನ ಪಕ್ಕದ ಮನೆ ನೋಡುವುದಕ್ಕಿಂತ ಆ ಗೆರೆಯನ್ನೇ ನೋಡುತ್ತಾರೆ. ಝೀರೋ ಬಿಲ್ ಬರುವ ಮನೆಗೆ ಹೋಗಿ, ಕೇಂದ್ರದ ಮನೆ-ಸೋಲಾರ್ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ಹಾಕಿಸಿ, ಬಿಲ್ ಉಳಿಯುತ್ತದೆ ಅಂದರೆ, "ಯಾವ ಬಿಲ್?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮನೆ ಮೇಲಿನ ಸೋಲಾರ್ ಎಷ್ಟು ಬೇಗ ಹರಡುತ್ತದೆ ಅಂತ ಲೆಕ್ಕ ಹಾಕುವ ಮಾಡೆಲ್‌ಗೆ ಈ ಒಂದು ಪ್ರಶ್ನೆ ಗೊತ್ತಿಲ್ಲದಿದ್ದರೆ ಅದರ ಗ್ರಾಫ್ ಸುಮ್ನೆ ಮೇಲೇರುತ್ತಾ ಹೋಗುತ್ತದೆ.

ಈಗ ಇಲ್ಲಿ ಕೂತಿರುವ ಎಂಎಸ್ಸಿ, ಪಿಎಚ್‌ಡಿ ಹುಡುಗ ಹುಡುಗಿಯರಿಗೆ. ಈ ಥರ ಜೊತೆಯಾಗಿ ಕೆಲಸ ಮಾಡುವುದು ಕಷ್ಟ, ಅದನ್ನು ನೇರವಾಗಿ ಹೇಳುತ್ತೇನೆ. ನಮ್ಮ ಮೊದಲ ಲೇಖನವನ್ನು ಒಂದು ಕಡೆ "ಇದರಲ್ಲಿ ಗಣಿತ ಕಡಿಮೆ" ಅಂತ ಹಿಂದೆ ಕಳಿಸಿದರು, ಇನ್ನೊಂದು ಕಡೆ "ಇದರಲ್ಲಿ ಗಣಿತವೇ ಜಾಸ್ತಿ" ಅಂದರು. ನನಗೆ ಆರು ತಿಂಗಳಲ್ಲಿ ರಿಸಲ್ಟ್ ಬೇಕಿತ್ತು, ಅವಳಿಗೆ ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಬೇಕಿತ್ತು. ಲೇಖನದಲ್ಲಿ ಮೊದಲ ಹೆಸರು ಯಾರದ್ದು ಅನ್ನುವ ಮಾತನ್ನು ಕೆಲಸ ಮುಗಿದ ಮೇಲೆ ಎತ್ತಿದೆವು, ಅದರಿಂದ ಇಬ್ಬರಿಗೂ ನೋವಾಯಿತು. ಅದನ್ನು ಮೊದಲ ದಿನವೇ ಮಾತಾಡಿ ಮುಗಿಸಿ. ಸುಮಾರು ಗುಂಪುಗಳಲ್ಲಿ ಮಾಡೆಲ್ ಎಲ್ಲಾ ಮುಗಿದ ಮೇಲೆ ನಡವಳಿಕೆಯವರನ್ನು ಕರೆದು, ಜನ ಇದನ್ನು ಒಪ್ಪುವ ಹಾಗೆ ಮಾಡಿ ಅನ್ನುತ್ತಾರೆ. ಹಾಗೆ ಕರೆದರೆ ಹೋಗಬೇಡಿ. ಪ್ರಶ್ನೆ ಬರೆಯುವಾಗ ಕರೆದರೆ ಹೋಗಿ. ಆಸ್ಟ್ರಿಯಾದ ಐಯಾಸಾ (IIASA) ಸಂಶೋಧನಾ ಸಂಸ್ಥೆ 1977ರಿಂದ ಪ್ರತಿ ಬೇಸಿಗೆ ಬೇರೆ ಬೇರೆ ದೇಶದ, ಬೇರೆ ಬೇರೆ ವಿಷಯದ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಮೂರು ತಿಂಗಳು ಒಟ್ಟಿಗೆ ಕೂರಿಸುತ್ತದೆ. ಅರ್ಜಿ ಹಾಕಿ. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ, ನಿಮ್ಮ ಕಾಲೇಜಿನಲ್ಲೇ ಫಿಸಿಕ್ಸ್ ಮತ್ತು ಸಮಾಜಶಾಸ್ತ್ರದ ನಡುವೆ ಇರುವುದು ಒಂದು ಮೆಟ್ಟಿಲು.

ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2022ರ ವರದಿ, ಬಳಸುವವರ ಕಡೆಯಿಂದ ಆಗುವ ಬದಲಾವಣೆ ಮತ್ತು ಅದಕ್ಕೆ ಬೇಕಾದ ವ್ಯವಸ್ಥೆ ಎರಡೂ ಸೇರಿದರೆ 2050ರ ಹೊತ್ತಿಗೆ ಬಳಕೆಯ ಕ್ಷೇತ್ರಗಳಿಂದ ಬರುವ ಹಸಿರುಮನೆ ಅನಿಲವನ್ನು 40ರಿಂದ 70 ಪರ್ಸೆಂಟ್ ಇಳಿಸಬಹುದು ಅನ್ನುತ್ತದೆ. ಅಷ್ಟು ದೊಡ್ಡ ಭಾಗ ಮನೆಗಳಲ್ಲಿ, ರಸ್ತೆಗಳಲ್ಲಿ, ಬಚ್ಚಲುಗಳಲ್ಲಿ ಇರುವಾಗ ಅಲ್ಲಿಗೆ ಹೋಗಿ ನೋಡುವವರು ತುಂಬಾ ಕಡಿಮೆ.

ನಮ್ಮ ಮುಂದಿನ ಪ್ರಶ್ನೆ ಕಾಫಿ ತೋಟದ್ದು. ಫೆಬ್ರವರಿ ಮಾರ್ಚ್‌ನಲ್ಲಿ ಹೂ ಮಳೆ ಬರದಿದ್ದರೆ ರೊಬಸ್ಟಾ ತೋಟದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಎರಡು ಮೂರು ವಾರ ಬಿಟ್ಟು ಕಾಯಿ ಕಟ್ಟಲೆಂದು ಎರಡನೇ ಸಲ ಬ್ಯಾಕಿಂಗ್ ನೀರು. ಯಾವತ್ತು ಶುರು ಮಾಡುವುದು? ಮೋಡ ನೋಡುತ್ತಾರೆ, ಮೊಗ್ಗು ನೋಡುತ್ತಾರೆ, ಪಕ್ಕದ ತೋಟದಲ್ಲಿ ಮೋಟಾರ್ ಸದ್ದು ಕೇಳುತ್ತಾರೆ. ಒಬ್ಬರು ಹಾಕಿದರೆ ವಾರದೊಳಗೆ ಎಲ್ಲರೂ ಹಾಕುತ್ತಾರೆ. ಈಗ ಸುಮಾರು ಕಡೆ ಡೀಸೆಲ್ ಪಂಪ್. ನಾಳೆ ಅದೆಲ್ಲಾ ಕರೆಂಟಿಗೆ ಬಂದರೆ ಆ ಒಂದು ವಾರ ಲೈನಿನ ಮೇಲೆ ಏನಾಗುತ್ತದೆ ಅನ್ನುವುದನ್ನು ನಾವು ನೋಡಬೇಕು.

ಅದಕ್ಕೆ ಒಂದು ಡೈರಿ ಮಾಡಿದ್ದೇವೆ, ಕನ್ನಡದಲ್ಲೇ ಇದೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ. ದಿನಕ್ಕೆ ಒಂದು ಪುಟ: ಮೋಟಾರ್ ಎಷ್ಟು ಹೊತ್ತಿಗೆ ಹಾಕಿದಿರಿ, ಯಾರು ಹೇಳಿದ ಮೇಲೆ ಹಾಕಿದಿರಿ, ಅವತ್ತು ಮೋಡ ಇತ್ತಾ. ತೋಟ ಇರುವವರು ದಯವಿಟ್ಟು ಒಂದು ತೆಗೆದುಕೊಂಡು ಹೋಗಿ. ಟಿಕ್ ಹಾಕುವ ಚೌಕ ಒಂದೂ ಇಲ್ಲ, ಬರೆಯಲು ಜಾಗ ಬೇಕಾದಷ್ಟಿದೆ.